ದೇವರ ಹೆಸರಿಗೆ 41 ಓಟು: ಸಂವಿಧಾನ ರಚನಾ ಸಭೆಯ ನಡಾವಳಿ ಸೆಟ್ ತಗೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ಇಂಗ್ಲಿಷ್ ಓದಲು ತೊಂದರೆ ಇಲ್ಲ, ಕಪಾಟಿನಲ್ಲಿ ಸ್ವಲ್ಪ ಜಾಗ ಇದೆ ಅಂದರೆ ಜಾಸ್ತಿ ಯೋಚನೆ ಮಾಡಬೇಡಿ. 1946ರ ಡಿಸೆಂಬರ್ 9ರಿಂದ 1950ರ ಜನವರಿ 24ರವರೆಗೆ ದೆಹಲಿಯ ಆ ಸಭಾಂಗಣದಲ್ಲಿ ಯಾರು ಎದ್ದು ನಿಂತರು, ಏನು ಹೇಳಿದರು, ಯಾರು ಮಧ್ಯೆ ಬಾಯಿ ಹಾಕಿದರು, ಯಾವ ತಿದ್ದುಪಡಿ ಗೆದ್ದಿತು, ಯಾವುದು ಬಿದ್ದುಹೋಯಿತು ಅನ್ನುವುದೆಲ್ಲ ಮಾತಿಗೆ ಮಾತು ಇದರಲ್ಲಿದೆ. 11 ಅಧಿವೇಶನ, 165 ದಿನ. ಒಟ್ಟು 12 ಸಂಪುಟ, ಅವನ್ನು ಸೇರಿಸಿ 5 ದಪ್ಪ ಪುಸ್ತಕ ಮಾಡಿದ್ದಾರೆ.

ಕಾನೂನು ಓದುವವರಿಗೆ, ಕೆಎಎಸ್ ಐಎಎಸ್ ಪರೀಕ್ಷೆ ಕಟ್ಟುವವರಿಗೆ ಇದು ಗೊತ್ತಿರುತ್ತದೆ. ಆದರೆ ನಾನು ಬರೆಯುತ್ತಿರುವುದು ಅವರಿಗಲ್ಲ. ಮನೆಯಲ್ಲಿ, ಆಫೀಸಿನಲ್ಲಿ, ಟೀ ಅಂಗಡಿ ಮುಂದೆ "ಈ ದೇಶ ಧರ್ಮದ ಮೇಲೆ ನಿಂತಿದೆಯಾ, ಇಲ್ಲ ಬರೀ ವಿಚಾರದ ಮೇಲೆ ನಿಂತಿದೆಯಾ" ಅಂತ ಜಗಳ ಆಡುವ ನಮ್ಮಂಥವರಿಗೆ ಬರೆಯುತ್ತಿದ್ದೇನೆ. ನಾನು ಈ ಸೆಟ್ ತರಿಸಿದ್ದೇ ಆ ಪ್ರಶ್ನೆ ಇಟ್ಟುಕೊಂಡು.

ನಮ್ಮಲ್ಲಿ ಎರಡು ಥರದ ಮಾತು ಓಡಾಡುತ್ತವೆ. ಸಂವಿಧಾನ ಬರೆದವರಿಗೆ ದೇವರು ದಿಂಡರು ಏನೂ ಬೇಕಿರಲಿಲ್ಲ, ವಿದೇಶದ ಪುಸ್ತಕ ನೋಡಿ ಬರೆದರು, ಅದಕ್ಕೇ ಅದರಲ್ಲಿ ನಮ್ಮ ಮಣ್ಣಿನ ವಾಸನೆ ಇಲ್ಲ ಅಂತ ಒಂದು ಕಡೆಯವರು ಹೇಳುತ್ತಾರೆ. ಇನ್ನೊಂದು ಕಡೆಯವರು, ಅವರೆಲ್ಲ ಪಕ್ಕಾ ವಿಚಾರವಾದಿಗಳು, ಧರ್ಮವನ್ನು ಹೊಸ್ತಿಲ ಆಚೆ ನಿಲ್ಲಿಸಿ ತರ್ಕದಿಂದಲೇ ದೇಶ ಕಟ್ಟಿದರು ಅನ್ನುತ್ತಾರೆ. ಈ ಪುಸ್ತಕಗಳನ್ನು ಓದಿದ ಮೇಲೆ ಎರಡನ್ನೂ ಒಪ್ಪುವುದಕ್ಕೆ ಆಗುವುದಿಲ್ಲ. ಅಲ್ಲಿ ಧರ್ಮ ಒಂದು ಬೆಂಚಿನಲ್ಲಿ, ವಿಚಾರ ಇನ್ನೊಂದು ಬೆಂಚಿನಲ್ಲಿ ಕೂತಿರಲಿಲ್ಲ. ಬಹಳ ಸಲ ಎರಡೂ ಒಬ್ಬನೇ ಮನುಷ್ಯನ ಒಳಗೇ ಇದ್ದವು.

ಹತ್ತನೇ ಸಂಪುಟದ ಕೊನೆಯ ದಿನವನ್ನೇ ತಗೊಳ್ಳಿ. 1949ರ ಅಕ್ಟೋಬರ್ 17. ಪೀಠಿಕೆಯ ಚರ್ಚೆ. ಇಡೀ ಸಂವಿಧಾನದ ವಿಧಿಗಳೆಲ್ಲ ಮುಗಿದ ಮೇಲೆ ಪೀಠಿಕೆಯನ್ನು ಕೊನೆಗೆ ಎತ್ತಿಕೊಂಡಿದ್ದರು. ನಮ್ಮ ಶಾಲೆಗಳಲ್ಲಿ 2023ರಿಂದ ಮಕ್ಕಳು ದಿನಾ ಓದುತ್ತಾರಲ್ಲ, ಅದೇ ಪೀಠಿಕೆ. ಅದರ ಮೊದಲಲ್ಲಿ "ದೇವರ ಹೆಸರಿನಲ್ಲಿ" ಅಂತ ಸೇರಿಸಿ ಅಂತ ತಿದ್ದುಪಡಿ ತಂದವರು ಎಚ್.ವಿ. ಕಾಮತ್. ಹರಿ ವಿಷ್ಣು ಕಾಮತ್, ಹುಟ್ಟಿದ್ದು ಮಂಗಳೂರಿನಲ್ಲಿ. ಬ್ರಿಟಿಷರ ಕಾಲದ ಐಸಿಎಸ್ ಅಧಿಕಾರಿಯ ಕೆಲಸ ಬಿಟ್ಟು ಸುಭಾಷ್ ಬೋಸರ ಜೊತೆ ಹೋದವರು. ಸಭೆಗೆ ಬಂದಿದ್ದು ಮಧ್ಯಪ್ರಾಂತ್ಯದ ಕಡೆಯಿಂದ. ಹೆಚ್ಚಿನ ಸಂಪುಟಗಳಲ್ಲಿ ಕಾಮತ್ ಹೆಸರು ಸಿಕ್ಕೇ ಸಿಗುತ್ತದೆ, ಅಷ್ಟು ತಿದ್ದುಪಡಿ ತಂದವರು.

ಕಾಮತ್ ಮಾತು ಸುಮ್ನೆ ಭಾವುಕತೆ ಅಲ್ಲ. ಮಾಡುವುದೆಲ್ಲ ನನಗೆ ಅರ್ಪಿಸು ಅನ್ನುವ ಗೀತೆಯ ಮಾತನ್ನು ಎತ್ತಿಕೊಂಡು, ಈ ಸಂವಿಧಾನವನ್ನೂ ಹಾಗೇ ಅರ್ಪಿಸೋಣ ಅಂತ ಕೇಳುತ್ತಾರೆ. ಅದಾದ ಮೇಲೆ ಆಗುವುದನ್ನು ನೋಡಬೇಕು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದು ನಿಂತು, ನಾವು ಶಕ್ತಿಯನ್ನು ಪೂಜಿಸುವವರು, ಬರೀ ದೇವರ ಹೆಸರು ಹೇಳಿ ದೇವಿಯನ್ನು ಬಿಟ್ಟರೆ ಹೇಗೆ ಅಂತ ಕೇಳುತ್ತಾರೆ. ಇದನ್ನು ತಮಾಷೆ ಅಂತ ಓದುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಾಮಾಖ್ಯಾ ದೇವಿಯ ನಾಡಿನಿಂದ ಬಂದವರಿಗೆ ಅದು ನಿಜವಾದ ಪ್ರಶ್ನೆ. ಒಂದು ಹೆಸರು ಬರೆದ ಕೂಡಲೇ ಇನ್ನೊಂದು ಹೆಸರು ಹೊರಗೆ ಉಳಿಯುತ್ತದೆ. ಹಾಗೆ ಉಳಿದದ್ದು ಮುಸ್ಲಿಮರೂ ಕ್ರೈಸ್ತರೂ ಅಷ್ಟೇ ಅಲ್ಲ, ಹಿಂದೂಗಳಲ್ಲೇ ಒಂದು ಪಂಗಡ. ಇದನ್ನು ಯಾವ ದೊಡ್ಡ ತರ್ಕಶಾಸ್ತ್ರಿಯೂ ತೋರಿಸಿಕೊಡಲಿಲ್ಲ, ಒಬ್ಬ ಭಕ್ತ ತೋರಿಸಿಕೊಟ್ಟ.

ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೈ ಬಂದು ನಾನು ದೇವರನ್ನು ನಂಬುವವನೇ ಅನ್ನುತ್ತಾರೆ. ಆದರೆ ನಂಬುವ ಹಾಗೇ ನಂಬದೇ ಇರುವ ಹಕ್ಕೂ ಮನುಷ್ಯನಿಗಿದೆ, ಈ ತಿದ್ದುಪಡಿ ಒಪ್ಪಿದರೆ ಅದು ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದ ಹಾಗೆ ಅಂತ ಹೇಳಿ ಕೂರುತ್ತಾರೆ. ಹೃದಯನಾಥ ಕುಂಜ್ರೂ ಅವರ ಮಾತು ಇನ್ನೂ ನೇರ. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಅಂತ ಇದೇ ಪೀಠಿಕೆಯ ಕೆಳಗೆ ಬರೆದು, ಮೇಲೆ ಎಲ್ಲರ ಪರವಾಗಿ ಒಂದು ನಂಬಿಕೆಯನ್ನು ಹೇರುವುದು ಸರಿಯೇ? ಒಬ್ಬೊಬ್ಬರ ಒಳಗಿನ ವಿಷಯಕ್ಕೆ ಗುಂಪಿನ ಅಭಿಪ್ರಾಯವನ್ನು ಯಾಕೆ ಕಟ್ಟಬೇಕು? ಪೂರ್ಣಿಮಾ ಬ್ಯಾನರ್ಜಿ, ದೇವರ ಮೇಲೆ ಓಟು ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಅಂತ ಕಾಮತರನ್ನು ಬೇಡಿಕೊಳ್ಳುತ್ತಾರೆ.

ಕಾಮತ್ ಬಿಡಲಿಲ್ಲ. ಎಣಿಸಿ ಅಂದರು. ಕೈ ಎತ್ತಿಸಿ ಎಣಿಸಿದರು. ಪುಟದ ಮೇಲೆ ಅದು ಇರುವುದು ಎರಡು ಸಣ್ಣ ಸಾಲಾಗಿ: ಪರ 41, ವಿರೋಧ 68. ಕೆಳಗೇ ಕಾಮತರ ಮಾತು, ಇದು ನಮ್ಮ ಇತಿಹಾಸದಲ್ಲಿ ಕರಾಳ ದಿನ, ದೇವರು ಭಾರತವನ್ನು ಕಾಪಾಡಲಿ ಅಂತ. ಅಲ್ಲಿಂದ ಸಭೆ ಮುಂದಿನ ತಿದ್ದುಪಡಿಗೆ ಹೋಗುತ್ತದೆ. ಟಿಪ್ಪಣಿ ಇಲ್ಲ, ವಿವರಣೆ ಇಲ್ಲ. ಈ ಸೆಟ್‌ನ ದೊಡ್ಡ ಗುಣವೇ ಅದು. ನಿಮಗೆ ಯಾರೂ ಏನನ್ನೂ ಅರ್ಥ ಮಾಡಿಸಲು ಬರುವುದಿಲ್ಲ. 41 ಜನ ಕೈ ಎತ್ತಿದರು ಅನ್ನುವುದೂ ಅಲ್ಲೇ ಇದೆ, 68 ಜನ ಬೇಡ ಅಂದರು ಅನ್ನುವುದೂ ಅಲ್ಲೇ ಇದೆ. ಇವತ್ತು ಒಂದೊಂದು ಕಡೆಯವರು ಒಂದೊಂದು ಸಂಖ್ಯೆಯನ್ನು ಮಾತ್ರ ಎತ್ತಿ ಹೇಳುತ್ತಾರೆ.

ಅದೇ ದಿನ ಇನ್ನೊಂದು ಪ್ರಸಂಗವಿದೆ. ಅದರ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಶಿಬ್ಬನ್ ಲಾಲ್ ಸಕ್ಸೇನಾ ದೇವರ ಜೊತೆಗೆ ಗಾಂಧೀಜಿಯ ಹೆಸರನ್ನೂ ಪೀಠಿಕೆಯಲ್ಲಿ ಹಾಕಬೇಕು ಅಂದರು. ಗಾಂಧಿ ಹೋಗಿ ಎರಡು ವರ್ಷವೂ ತುಂಬಿರಲಿಲ್ಲ. ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಬ್ರಜೇಶ್ವರ್ ಪ್ರಸಾದ್ ಮುಖಕ್ಕೆ ಹೊಡೆದ ಹಾಗೆ ಹೇಳಿದರು: ಇದು ಗಾಂಧಿಯ ಸಂವಿಧಾನವೇ ಅಲ್ಲ, ಬ್ರಿಟಿಷರು ಮಾಡಿದ 1935ರ ಭಾರತ ಸರ್ಕಾರ ಕಾಯ್ದೆಯ ಮುಂದುವರಿಕೆ, ಇದಕ್ಕೆ ಅವರ ಹೆಸರು ಹಾಕಬೇಡಿ. ಕೃಪಲಾನಿ ಬೇರೆ ದಾರಿಯಲ್ಲಿ ಬಂದರು. ಗಾಂಧೀಜಿ ಮೇಲೆ ನನಗಿರುವ ಗೌರವ ಯಾರಿಗೂ ಕಡಿಮೆ ಇಲ್ಲ, ಆದರೆ ಯಾವಾಗ ಬೇಕಾದರೂ ತಿದ್ದಬಹುದಾದ ಒಂದು ದಾಖಲೆಯೊಳಗೆ ಅವರನ್ನು ತರುವುದು ಆ ಗೌರವಕ್ಕೆ ತಕ್ಕದ್ದಲ್ಲ ಅಂದರು. ಸಕ್ಸೇನಾ ತಿದ್ದುಪಡಿ ವಾಪಸ್ ತಗೊಂಡರು. ಪವಿತ್ರ ಅಂತ ನಾವು ಒಪ್ಪಿದ್ದನ್ನು ಬಹುಮತದ ಕೈಗೆ ಕೊಡಬಾರದು ಅನ್ನುವ ವಾದ ಇದು. ಇದೇ ಕೃಪಲಾನಿ ಅದೇ ಚರ್ಚೆಯಲ್ಲಿ, ಸ್ವಾತಂತ್ರ್ಯ ಸಮಾನತೆ ಸೋದರಭಾವ ಅನ್ನುವುದೆಲ್ಲ ಬರೀ ಕಾನೂನಿನ ಮಾತಲ್ಲ, ಅವು ಆಧ್ಯಾತ್ಮಿಕ ತತ್ವಗಳು ಅಂತಲೂ ಹೇಳುತ್ತಾರೆ. ಹೇಳಿ, ಈ ಮನುಷ್ಯನನ್ನು ಯಾವ ಕಡೆ ಕೂರಿಸುತ್ತೀರಿ?

ಕಾಮತರ ವಿಷಯಕ್ಕೆ ಬರೋಣ. ಅವರ ಬಗ್ಗೆ ನನಗೆ ಗೌರವ ಜಾಸ್ತಿ ಆಗಿದ್ದು ಏಳನೇ ಸಂಪುಟ ಓದುವಾಗ. 1948ರ ಡಿಸೆಂಬರ್‌ನಲ್ಲಿ ಧರ್ಮದ ಸ್ವಾತಂತ್ರ್ಯದ ವಿಧಿ, ಈಗಿನ 25ನೇ ವಿಧಿ, ಚರ್ಚೆಗೆ ಬಂದಾಗ, ಸರ್ಕಾರ ಯಾವ ಒಂದು ಧರ್ಮವನ್ನೂ ಸ್ಥಾಪಿಸಬಾರದು, ಅದಕ್ಕೆ ದುಡ್ಡು ಕೊಡಬಾರದು, ಪೋಷಿಸಬಾರದು ಅಂತ ತಿದ್ದುಪಡಿ ತಂದವರು ಇದೇ ಕಾಮತ್. ಸೆಕ್ಯುಲರ್ ರಾಜ್ಯ ಅಂದರೆ ದೇವರಿಲ್ಲದ ರಾಜ್ಯ ಅಲ್ಲ, ಧರ್ಮದ ವಿರೋಧಿಯೂ ಅಲ್ಲ ಅನ್ನುವುದನ್ನು ಬಿಡಿಸಿ ಹೇಳುತ್ತಾರೆ. ಆ ತಿದ್ದುಪಡಿಯೂ ಬಿತ್ತು. ಪೀಠಿಕೆಯಲ್ಲಿ ದೇವರು ಬೇಕು, ಆದರೆ ಸರ್ಕಾರ ಯಾವ ಧರ್ಮದ ಬೆನ್ನಿಗೂ ನಿಲ್ಲಬಾರದು, ಈ ಎರಡನ್ನೂ ಒಟ್ಟಿಗೆ ಬಯಸಿದ ಮನುಷ್ಯ ಅವರು. ಇವತ್ತಿನ ಟಿವಿ ಚರ್ಚೆಯಲ್ಲಿ ಇಂಥವರಿಗೆ ಕುರ್ಚಿಯೇ ಇಲ್ಲ.

ದೇವರು ಸಂವಿಧಾನದಲ್ಲಿ ಇಲ್ಲವೇ ಇಲ್ಲ ಅನ್ನುವವರಿಗೂ ಒಂದು ಮಾತು. ಪ್ರಮಾಣವಚನ ನೋಡಿ. ರಾಷ್ಟ್ರಪತಿಯ ಪ್ರಮಾಣದಲ್ಲಿ ದೇವರ ಹೆಸರಿನಲ್ಲಿ ಅಂತಲೂ ಹೇಳಬಹುದು, ದೃಢೀಕರಿಸುತ್ತೇನೆ ಅಂತಲೂ ಹೇಳಬಹುದು. 1948ರ ಡಿಸೆಂಬರ್ 27ರಂದು ಕಾಮತ್ ಮತ್ತು ಮಹಾವೀರ ತ್ಯಾಗಿ ಒತ್ತಾಯ ಮಾಡಿದ್ದು ಇದನ್ನೇ. ಅಂಬೇಡ್ಕರ್ ಇದನ್ನು ತಳ್ಳಿಹಾಕಲಿಲ್ಲ. ಕೆಲವರಿಗೆ ದೇವರು ಅಂದರೆ ಒಂದು ಕಟ್ಟುಪಾಡು, ಕೋರ್ಟು ಕೇಳಲಾಗದ ನೈತಿಕ ಹೊಣೆಯನ್ನು ಆ ಹೆಸರು ಹಿಡಿದು ನಿಲ್ಲಿಸುತ್ತದೆ ಅನ್ನುವ ಅರ್ಥದ ವಿವರಣೆ ಕೊಟ್ಟರು. ಪೂರಾ ವಿಚಾರದ ದಾರಿಯಲ್ಲಿ ನಡೆದು ದೇವರಿಗೆ ಒಂದು ಜಾಗ ಕೊಟ್ಟರು, ಬೇಡದವನಿಗೆ ಪಕ್ಕದಲ್ಲೇ ಇನ್ನೊಂದು ದಾರಿಯನ್ನೂ ಇಟ್ಟರು. ಪೀಠಿಕೆಗೂ ಪ್ರಮಾಣಕ್ಕೂ ಇರುವ ವ್ಯತ್ಯಾಸ ಇಷ್ಟೇ. ಪ್ರಮಾಣ ಒಬ್ಬನದು, ಪೀಠಿಕೆ ಎಲ್ಲರದು.

ಇಷ್ಟೆಲ್ಲ ಹೊಗಳಿದ ಮೇಲೆ ಮನಸ್ಸು ಕಹಿಯಾಗುವ ಜಾಗವನ್ನೂ ಹೇಳಬೇಕು. ನನ್ನ ಪ್ರಕಾರ ಈ ಸೆಟ್‌ನಲ್ಲಿ ಪ್ರತಿಯೊಬ್ಬರೂ ಓದಲೇಬೇಕಾದ ದಿನ ಅಕ್ಟೋಬರ್ 17 ಅಲ್ಲ. 1948ರ ನವೆಂಬರ್ 24. ಅವತ್ತು ಗೋಹತ್ಯೆ ನಿಷೇಧದ ಚರ್ಚೆ.

ಠಾಕೂರ್ ದಾಸ್ ಭಾರ್ಗವ ತಂದ ತಿದ್ದುಪಡಿ ಹೇಗೆ ಶುರುವಾಗುತ್ತದೆ ನೋಡಿ: ವ್ಯವಸಾಯ ಮತ್ತು ಪಶುಪಾಲನೆಯನ್ನು ಆಧುನಿಕ, ವೈಜ್ಞಾನಿಕ ರೀತಿಯಲ್ಲಿ ಸಂಘಟಿಸಲು ಸರ್ಕಾರ ಪ್ರಯತ್ನಿಸಬೇಕು. ವೈಜ್ಞಾನಿಕ! ಅದರ ಬಾಲದಲ್ಲಿ ಹಸುಗಳ ವಧೆ ನಿಷೇಧ. ಭಾರ್ಗವ ಮಾತಾಡುವುದೂ ಹಾಲು, ಗೊಬ್ಬರ, ಉಳುಮೆ, ಆಹಾರದ ಕೊರತೆ ಬಗ್ಗೆಯೇ. ಇದನ್ನು ಧರ್ಮದ ಪ್ರಶ್ನೆಯಾಗಿ ನೋಡಬೇಡಿ, ಆರ್ಥಿಕ ಅಗತ್ಯವಾಗಿ ನೋಡಿ ಅಂತ ಕೇಳಿಕೊಳ್ಳುತ್ತಾರೆ. ಅವರ ಬೆನ್ನಿಗೇ ಮಾತಾಡಿದ ಸೇಠ್ ಗೋವಿಂದ ದಾಸ್ ಇದು ನಮ್ಮ ಸಂಸ್ಕೃತಿಯ, ಧರ್ಮದ ವಿಷಯ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ರಘುವೀರ ಅವರಂತೂ ಬ್ರಹ್ಮಹತ್ಯೆ, ಗೋಹತ್ಯೆ ಎರಡೂ ಒಂದೇ ಅಂತ ಮಾತಾಡುತ್ತಾರೆ. ಅಂದರೆ ಕಾಗದದ ಮೇಲೆ ಪಶುಪಾಲನೆ, ಸಭೆಯಲ್ಲಿ ಗೋಮಾತೆ.

ಈಗ ಎದ್ದು ನಿಲ್ಲುವ ಇಬ್ಬರ ಮಾತು ಕೇಳಿ. ಸಂಯುಕ್ತ ಪ್ರಾಂತ್ಯದ ಝಡ್.ಎಚ್. ಲಾರಿ, ಅಸ್ಸಾಮಿನ ಸೈಯದ್ ಮುಹಮ್ಮದ್ ಸಾದುಲ್ಲಾ. ಇಬ್ಬರೂ ಮುಸ್ಲಿಂ ಸದಸ್ಯರು. ಇಬ್ಬರೂ ಕೇಳಿದ್ದು ಒಂದೇ, ನೇರವಾಗಿ ಹೇಳಿ ಅಂತ. ಬಹುಸಂಖ್ಯಾತರಿಗೆ ಇದು ಬೇಕೇ ಬೇಕು ಅಂದರೆ ಸ್ಪಷ್ಟವಾಗಿ ಬರೆದುಬಿಡಿ, ನಮ್ಮ ಜನರಿಗೆ ತಾವು ಎಲ್ಲಿ ನಿಂತಿದ್ದೇವೆ ಅಂತ ಗೊತ್ತಾಗಲಿ, ಅರ್ಧಂಬರ್ಧ ಮಾಡಬೇಡಿ ಅಂತ ಲಾರಿ. ಸಾದುಲ್ಲಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಧರ್ಮದ ಕಾರಣ ಅಂತ ಹೇಳಿದರೆ ನಾನು ಅಡ್ಡ ಬರುವುದಿಲ್ಲ, ಹಿಂದೂಗಳ ಭಾವನೆ ನನಗೆ ಅರ್ಥವಾಗುತ್ತದೆ ಅನ್ನುತ್ತಾರೆ. ಆದರೆ ಆರ್ಥಿಕ ಕಾರಣ ಅಂತ ಹೇಳಿದರೆ ಅದು ನಿಲ್ಲುವುದಿಲ್ಲ, ಒಳಗಿರುವ ಧಾರ್ಮಿಕ ಭಾವನೆಯನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತಿದ್ದಾರೆ ಅನ್ನುವ ಅನುಮಾನ ಬಹಳ ಜನರಲ್ಲಿ ಹುಟ್ಟುತ್ತದೆ ಅಂತ ಎಚ್ಚರಿಸುತ್ತಾರೆ.

ಅಂಬೇಡ್ಕರ್ ಒಂದು ಸಾಲಿನಲ್ಲಿ ಭಾರ್ಗವರ ತಿದ್ದುಪಡಿ ಒಪ್ಪಿಕೊಂಡರು. ಅದೇ ಈಗಿನ 48ನೇ ವಿಧಿ.

ಈ ಪುಟಗಳ ಹತ್ತಿರ ನಾನು ಬಹಳ ಹೊತ್ತು ನಿಂತೆ. ಯಾಕೆಂದರೆ ಅವತ್ತು ಅರ್ಧ ಬಿಟ್ಟ ಮಾತನ್ನು ಆಮೇಲೆ ಕೋರ್ಟುಗಳು ಎಳೆದಾಡಿದ್ದನ್ನು ನಾವು ನೋಡಿದ್ದೇವೆ. 1958ರಲ್ಲಿ ಸುಪ್ರೀಂ ಕೋರ್ಟು ಹಸುವಿನ ವಧೆಗೆ ಪೂರ್ತಿ ನಿಷೇಧ ಸರಿ, ಆದರೆ ಕೆಲಸಕ್ಕೆ ಬಾರದ ಎತ್ತು ಹೋರಿಗಳಿಗೆ ಪೂರ್ತಿ ನಿಷೇಧ ಸರಿಯಲ್ಲ ಅಂದಿತು. 2005ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ಸಗಣಿಗೂ ಬೆಲೆ ಇದೆ, ಮುದಿ ಎತ್ತೂ ನಿರುಪಯೋಗಿ ಅಲ್ಲ ಅನ್ನುವ ದಾರಿಯಲ್ಲಿ ಗುಜರಾತಿನ ಪೂರ್ತಿ ನಿಷೇಧವನ್ನು ಎತ್ತಿಹಿಡಿಯಿತು. ನಮ್ಮ ರಾಜ್ಯದಲ್ಲಿ 1964ರ ಕಾಯ್ದೆ ಇತ್ತು, 2020ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಪ್ರತಿ ಸಲವೂ ವಾದ ನಡೆಯುವುದು ಗೊಬ್ಬರದ ಲೆಕ್ಕದಲ್ಲಿ, ಬೀದಿಯಲ್ಲಿ ಜಗಳ ನಡೆಯುವುದು ಬೇರೆಯದೇ ಕಾರಣಕ್ಕೆ. ದನ ಸಾಕುವ ರೈತನನ್ನೂ ಚರ್ಮದ ಕೆಲಸದವನನ್ನೂ ಎರಡೂ ಕಡೆ ಯಾರೂ ಕೇಳುವುದಿಲ್ಲ.

ಈ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ಒಂದು ವಿಷಯ ನನಗಂತೂ ಸ್ಪಷ್ಟ. ಅಕ್ಟೋಬರ್ 17ರಂದು ಧರ್ಮ ತನ್ನ ಹೆಸರಿನಲ್ಲೇ ಬಂದು ಕೇಳಿತು, ಎಲ್ಲರ ಎದುರು ಸೋತಿತು. ಸೋತವರೂ ಮರ್ಯಾದೆಯಿಂದ ಸೋತರು. ನವೆಂಬರ್ 24ರಂದು ಅದು ವಿಚಾರದ ಅಂಗಿ ಹಾಕಿಕೊಂಡು ಬಂತು, ಗೆದ್ದಿತು. ಗೆದ್ದರೂ ಯಾರಿಗೂ ಸಮಾಧಾನ ಇಲ್ಲ, ಇವತ್ತಿಗೂ ಇಲ್ಲ. ಸಾದುಲ್ಲಾ ಕೇಳಿದ ಹಾಗೆ ಅವತ್ತೇ ಬಿಚ್ಚಿ ಮಾತಾಡಿದ್ದರೆ ಏನಾಗುತ್ತಿತ್ತು? ನಿಷೇಧ ಇನ್ನೂ ಬಿಗಿಯಾಗುತ್ತಿತ್ತೋ, ಬಿದ್ದೇ ಹೋಗುತ್ತಿತ್ತೋ, ಹೇಳಲು ಬರುವುದಿಲ್ಲ. ಆದರೆ ಜಗಳ ಯಾವುದರ ಬಗ್ಗೆ ಅನ್ನುವುದಾದರೂ ಎಲ್ಲರಿಗೂ ಒಂದೇ ಆಗಿರುತ್ತಿತ್ತು.

ಇನ್ನು ಇದೇ ಏಳನೇ ಸಂಪುಟದಲ್ಲಿ ತಪ್ಪಿಸಬಾರದ ದಿನಗಳು. ಡಿಸೆಂಬರ್ 2ರಂದು ಅಂಬೇಡ್ಕರ್ ಮಾತು. ನಮ್ಮಲ್ಲಿ ಹುಟ್ಟಿನಿಂದ ಸಾವಿನವರೆಗೆ ಧರ್ಮ ಮುಟ್ಟದ್ದು ಯಾವುದೂ ಇಲ್ಲ, ಎಲ್ಲವನ್ನೂ ಧರ್ಮ ಅಂತ ಬಿಟ್ಟರೆ ಸಮಾಜ ಸುಧಾರಣೆ ಅಲ್ಲೇ ನಿಲ್ಲುತ್ತದೆ, ಅದಕ್ಕೇ ಧರ್ಮ ಅಂದರೆ ಎಷ್ಟು ಅನ್ನುವುದಕ್ಕೆ ಒಂದು ಗೆರೆ ಹಾಕಬೇಕು ಅನ್ನುತ್ತಾರೆ. ಈ ಗೆರೆ ಎಳೆಯುವ ಕೆಲಸ ಆಮೇಲೆ ಮೊದಲು ಬಂದಿದ್ದು ಎಲ್ಲಿಂದ ಗೊತ್ತಾ? ನಮ್ಮ ಕರಾವಳಿಯಿಂದ. 1954ರ ಶಿರೂರು ಮಠದ ಕೇಸು ಉಡುಪಿಯದು. ಧರ್ಮಕ್ಕೆ ಯಾವುದು ಅಗತ್ಯ, ಯಾವುದು ಅಲ್ಲ ಅನ್ನುವ ಪ್ರಶ್ನೆ ಕೋರ್ಟಿನ ಭಾಷೆಗೆ ಬಂದಿದ್ದು ಅಲ್ಲಿಂದ. ಮುಂದೆ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸಿನಲ್ಲಿ, ಸಾರ್ವಜನಿಕ ದೇವಸ್ಥಾನ ಎಲ್ಲ ಹಿಂದೂಗಳಿಗೂ ತೆರೆದಿರಬೇಕು, ಪಂಗಡದ ಹಕ್ಕು ಅದಕ್ಕಿಂತ ಕೆಳಗೆ ಅಂತ ತೀರ್ಪು ಬಂತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಪಂಗಡಕ್ಕೆ ಬಿಟ್ಟರು. ಕಾನೂನು ಓದದ ನನ್ನಂಥವರಿಗೆ ಈ ತೀರ್ಪುಗಳು ಮೊದಲು ಗಾಳಿಯಲ್ಲಿ ತೇಲಿದ ಹಾಗಿದ್ದವು, ಡಿಸೆಂಬರ್ 2ರ ಮಾತು ಓದಿದ ಮೇಲೆ ಬೇರು ಎಲ್ಲಿದೆ ಅಂತ ಕಾಣಿಸಿತು.

ಡಿಸೆಂಬರ್ 3ರಂದು ಬಿಹಾರದ ತಜಮ್ಮುಲ್ ಹುಸೇನ್. ಇವರಷ್ಟು ದೂರ ಹೋದವರು ಕಡಿಮೆ. ಧರ್ಮ ಮನುಷ್ಯನಿಗೂ ಅವನನ್ನು ಸೃಷ್ಟಿಸಿದವನಿಗೂ ನಡುವಿನ ಖಾಸಗಿ ವಿಷಯ, ಹೆಸರು, ಗುರುತು, ಉಡುಪು ಯಾವುದರಿಂದಲೂ ಇವನು ಯಾವ ಧರ್ಮದವನು ಅಂತ ಗೊತ್ತಾಗಬಾರದು ಅಂತ ತಿದ್ದುಪಡಿ ತಂದರು. ಬಿತ್ತು. 2022ರಲ್ಲಿ ಉಡುಪಿಯ ಕಾಲೇಜಿನಿಂದ ಶುರುವಾದ ಹಿಜಾಬ್ ಗಲಾಟೆ ಹೊತ್ತಿಗೆ ಈ ಚರ್ಚೆ ನಮ್ಮ ಕೈಯಲ್ಲಿ ಇರಬೇಕಿತ್ತು ಅನ್ನಿಸಿತು. ಹುಸೇನ್ ಪರ ವಾದಿಸಲು ಅಲ್ಲ. ಸಭೆ ಅದನ್ನು ತಳ್ಳಿಹಾಕಿತು, ಧರ್ಮವನ್ನು ಎದೆಯೊಳಗೇ ಮುಚ್ಚಿಡಿ ಅಂತ ಹೇಳಲು ಒಪ್ಪಲಿಲ್ಲ ಅನ್ನುವುದನ್ನು ತಿಳಿಯಲು.

ಡಿಸೆಂಬರ್ 6ರಂದು ಧರ್ಮ ಪ್ರಚಾರದ ಹಕ್ಕಿನ ಚರ್ಚೆ. ಒರಿಸ್ಸಾದ ಲೋಕನಾಥ ಮಿಶ್ರಾ ಸಿಟ್ಟಿನಿಂದ ವಿರೋಧಿಸುತ್ತಾರೆ, ಟಿ.ಟಿ. ಕೃಷ್ಣಮಾಚಾರಿ ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದೆ, ನನ್ನನ್ನು ಮತಾಂತರ ಮಾಡಲು ಯಾರೂ ಬರಲಿಲ್ಲ ಅನ್ನುತ್ತಾರೆ. ಓದಿ ನೋಡಿ, ಇವತ್ತಿನ ವಾದಗಳೆಲ್ಲ ಆಗಲೇ ಆಗಿಹೋಗಿವೆ.

ಸೆಕ್ಯುಲರ್ ಅನ್ನುವ ಪದವನ್ನು ಸೇರಿಸಿ ಅಂತ ಕೆ.ಟಿ. ಶಾ 1948ರ ನವೆಂಬರ್ 15ರಂದೇ ಕೇಳಿದ್ದರು, ಒಪ್ಪಲಿಲ್ಲ. 1976ರ 42ನೇ ತಿದ್ದುಪಡಿಯಲ್ಲಿ ಅದು ಪೀಠಿಕೆಗೆ ಬಂತು. ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಎಳೆಯುವುದಿಲ್ಲ.

ಪಕ್ಕದ ದೇಶದ ಕಥೆಯನ್ನೂ ಜೊತೆಗೆ ಇಟ್ಟುಕೊಂಡು ಓದಿದರೆ ನಮ್ಮವರು ಮಾಡಿದ್ದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ನಮ್ಮ ಸಭೆ ಕಾಮತರ ತಿದ್ದುಪಡಿಯನ್ನು ಬೀಳಿಸುವ ಏಳು ತಿಂಗಳ ಹಿಂದೆ, 1949ರ ಮಾರ್ಚ್ 12ರಂದು, ಕರಾಚಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ ಧ್ಯೇಯಗಳ ನಿರ್ಣಯವನ್ನು ಒಪ್ಪಿತು. ಇಡೀ ವಿಶ್ವದ ಸಾರ್ವಭೌಮತ್ವ ದೇವರದು ಅಂತ ಅದು ಶುರುವಾಗುತ್ತದೆ. ಅಲ್ಲಿಯ ಹಿಂದೂ ಸದಸ್ಯರು, ಶ್ರೀಶ್ ಚಂದ್ರ ಚಟ್ಟೋಪಾಧ್ಯಾಯರ ಥರದವರು, ವಿರೋಧಿಸಿದರು. ಅವರು ತಂದ ತಿದ್ದುಪಡಿಗಳು ಒಂದೂ ಉಳಿಯಲಿಲ್ಲ. ಅಲ್ಲಿ ಓಟು ಹಾಕಿದವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. 1947ರ ಆಗಸ್ಟ್‌ನಲ್ಲಿ ಜಿನ್ನಾ ಅದೇ ಸಭೆಯಲ್ಲಿ, ನಿಮ್ಮ ಧರ್ಮಕ್ಕೂ ಸರ್ಕಾರದ ಕೆಲಸಕ್ಕೂ ಸಂಬಂಧ ಇಲ್ಲ ಅಂದಿದ್ದರು. ಒಂದು ಭಾಷಣದಿಂದ ದೇಶ ಸೆಕ್ಯುಲರ್ ಆಗುವುದಿಲ್ಲ, ಒಂದೊಂದು ವಿಧಿಯಲ್ಲೂ ಕೂತು ಜಗಳ ಆಡಬೇಕು.

ಈಗ ಸೆಟ್‌ನ ಬಗ್ಗೆ. ಅಕ್ಷರ ಸಣ್ಣದು, ಪುಟ ತುಂಬಾ ಒತ್ತಾಗಿದೆ. ಕಣ್ಣಿಗೆ ವಯಸ್ಸಾಗಿದ್ದರೆ ಕಷ್ಟ. ಪುಸ್ತಕ ಭಾರ, ಮಲಗಿಕೊಂಡು ಓದುವ ಮಾತೇ ಇಲ್ಲ, ಮೇಜು ಬೇಕು. ಆನ್‌ಲೈನಲ್ಲಿ ಮಾರುವವರಿಂದ ತರಿಸಿದರೆ ಪ್ಯಾಕಿಂಗ್ ಹೇಗೆ ಮಾಡುತ್ತಾರೆ ಅಂತ ಮೊದಲೇ ಕೇಳಿ, ನನಗೆ ಬಂದ ಸೆಟ್‌ನಲ್ಲಿ ಒಂದು ಪುಸ್ತಕದ ಮೂಲೆ ಜಜ್ಜಿಹೋಗಿತ್ತು. ಓದುವಾಗ ಕೆಲವು ಭಾಷಣಗಳ ಎರಡೂ ತುದಿಯಲ್ಲಿ ನಕ್ಷತ್ರದ ಗುರುತು ಕಾಣುತ್ತದೆ, ಅವು ಹಿಂದೂಸ್ತಾನಿಯಲ್ಲಿ ಆಡಿದ ಮಾತಿನ ಇಂಗ್ಲಿಷ್ ಅನುವಾದ. ಗೋವಿಂದ ದಾಸರ ಗೋವಿನ ಭಾಷಣ ಅಂಥದ್ದೇ. ಅಂಥ ಕಡೆ ಮಾತಿನ ಬಿಸಿ ಸ್ವಲ್ಪ ಆರಿರುತ್ತದೆ ಅಂತ ಇಟ್ಟುಕೊಳ್ಳಿ.

ದೊಡ್ಡ ಕೊರತೆ ಅಂದರೆ ಸಮಿತಿಗಳ ಒಳಗೆ ನಡೆದದ್ದು ಇದರಲ್ಲಿಲ್ಲ. ಧರ್ಮದ ವಿಷಯದಲ್ಲಿ ನಿಜವಾದ ತಿಕ್ಕಾಟ ಎಷ್ಟೋ ಅಲ್ಲೇ ಆಗಿದ್ದು. 1947ರಲ್ಲಿ ರಾಜಕುಮಾರಿ ಅಮೃತ್ ಕೌರ್, ಹನ್ಸಾ ಮೆಹ್ತಾ ಇಬ್ಬರೂ ಧರ್ಮದ ಆಚರಣೆಗೆ ಬಿಡುಬೀಸಾಗಿ ಹಕ್ಕು ಕೊಟ್ಟರೆ ಪರದೆ, ದೇವದಾಸಿ ಪದ್ಧತಿಯಂಥವೂ ಅದರ ಹಿಂದೆ ಅಡಗಿಕೊಳ್ಳುತ್ತವೆ ಅಂತ ಎಚ್ಚರಿಸಿದ್ದರು. ಸುಧಾರಣೆಗೆ ಅಡ್ಡಿಯಾಗಬಾರದು ಅನ್ನುವ ಮಾತು 25ನೇ ವಿಧಿಯಲ್ಲಿ ಇರುವುದಕ್ಕೆ ಅವರ ಹಟವೂ ಕಾರಣ. ಈ ಸೆಟ್ ಒಂದನ್ನೇ ಓದಿದರೆ ಆ ಇಬ್ಬರು ಹೆಂಗಸರ ಪಾಲು ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೆ ಬಿ. ಶಿವರಾವ್ ಸಂಪಾದಿಸಿದ ದಾಖಲೆಗಳ ಸಂಪುಟಗಳನ್ನು ನೋಡಬೇಕು. ಶಿವರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅವರ ತಮ್ಮ, ಕರಾವಳಿಯ ಮನೆತನ.

ಇನ್ನೊಂದು, ಚಿತ್ರಗಳಿಲ್ಲ. ಸಂವಿಧಾನದ ಕೈಬರಹದ ಪ್ರತಿಯಲ್ಲಿ ರಾಮ ಇದ್ದಾನೆ ನೋಡಿ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಆ ಚಿತ್ರ ನಿಜ. ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಮಾಡಿದ್ದು. ಮೂಲಭೂತ ಹಕ್ಕುಗಳ ಭಾಗದ ಮೇಲೆ ರಾಮ ಸೀತೆ ಲಕ್ಷ್ಮಣರಿದ್ದಾರೆ. ಮುಂದೆ ತಿರುವಿದರೆ ಬುದ್ಧ, ಮಹಾವೀರ, ಅಕ್ಬರ್, ಶಿವಾಜಿ, ಗುರು ಗೋವಿಂದ ಸಿಂಗ್ ಇದ್ದಾರೆ, ಝಾನ್ಸಿ ರಾಣಿಯ ಜೊತೆ ನಮ್ಮ ಟಿಪ್ಪುವೂ ಇದ್ದಾನೆ. ಫಾರ್ವರ್ಡ್ ಮಾಡುವವರು ಒಂದು ಪುಟಕ್ಕೆ ನಿಲ್ಲಿಸದೆ ಎಲ್ಲವನ್ನೂ ಕಳಿಸಿದರೆ ಒಳ್ಳೆಯದು.

ಇಷ್ಟು ಖರ್ಚು ಬೇಡ ಅನ್ನುವವರಿಗೆ, ಇದೆಲ್ಲ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನ ಒಂದು ಕಾನೂನು ಸಂಶೋಧನಾ ಸಂಸ್ಥೆ ನಡೆಸುವ ಜಾಲತಾಣದಲ್ಲಿ ಸದಸ್ಯರ ಹೆಸರು, ದಿನಾಂಕ, ವಿಧಿ ಹಾಕಿ ಹುಡುಕಬಹುದು. ಹುಡುಕಲು ಅದೇ ಸುಲಭ. ಆದರೆ ಹುಡುಕಿ ಓದಿದರೆ ನಮಗೆ ಬೇಕಾದ ಸಾಲು ಮಾತ್ರ ಸಿಗುತ್ತದೆ, ಅದರ ಎದುರಿನ ಮಾತು ಪಕ್ಕದ ಪುಟದಲ್ಲೇ ಉಳಿದುಹೋಗುತ್ತದೆ. ಪುಸ್ತಕ ಹಾಗಲ್ಲ, ಕಾಮತರನ್ನು ಓದಲು ಹೋದವರಿಗೆ ಕುಂಜ್ರೂ ಸಿಗುತ್ತಾರೆ, ಭಾರ್ಗವರನ್ನು ಓದಲು ಹೋದವರಿಗೆ ಸಾದುಲ್ಲಾ ಸಿಗುತ್ತಾರೆ. ನಾನು ದುಡ್ಡು ಕೊಟ್ಟಿದ್ದು ಇದಕ್ಕೇ.

ಮೊದಲ ಸಂಪುಟದಿಂದ ಶುರು ಮಾಡಬೇಡಿ, ಸುಸ್ತಾಗುತ್ತದೆ. ಏಳನೆಯದನ್ನು ತೆಗೆದು 1948ರ ನವೆಂಬರ್ 23ಕ್ಕೆ ಹೋಗಿ, ಅವತ್ತು ಏಕರೂಪ ನಾಗರಿಕ ಸಂಹಿತೆಯ ಚರ್ಚೆ, ಮಾರನೇ ದಿನ ಗೋವಿನದು, ಅಲ್ಲಿಂದ ಡಿಸೆಂಬರ್ ಮೊದಲ ವಾರದವರೆಗೆ ಬಿಡದೆ ಓದಿ. ಆಮೇಲೆ ಹತ್ತನೇ ಸಂಪುಟದ ಕೊನೆಯ ದಿನ. ಒಬ್ಬರೇ ಓದುವುದಕ್ಕಿಂತ ನಿಮ್ಮ ಜೊತೆ ವಾದ ಮಾಡುವವರನ್ನೇ ಕೂರಿಸಿಕೊಂಡು, ಒಬ್ಬೊಬ್ಬರು ಒಬ್ಬೊಬ್ಬ ಸದಸ್ಯರ ಮಾತನ್ನು ಜೋರಾಗಿ ಓದಿ. ಕನ್ನಡ ಮಾಧ್ಯಮದ ಹೈಸ್ಕೂಲು ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ, ಅಕ್ಟೋಬರ್ 17ರ ಆ ಚರ್ಚೆಯನ್ನಾದರೂ ಕನ್ನಡಕ್ಕೆ ಮಾಡಿ ತರಗತಿಯಲ್ಲಿ ಮಕ್ಕಳಿಂದ ಓದಿಸಿ ಸರ್, ದಿನಾ ಬೆಳಿಗ್ಗೆ ಪೀಠಿಕೆ ಹೇಳುವ ಮಕ್ಕಳಿಗೆ ಅದು ಸಲೀಸಾಗಿ ಅರ್ಥವಾಗುತ್ತದೆ.